ಶೀಟಿನ ಆಚೆ ತುದಿ

ಜನವರಿ 8, ಬುಧವಾರ

ನೀರು ಆರು ಲೋಟ ಎಂದು ಬರೆದೆ. ಕುಡಿದದ್ದು ಎರಡು. ನಿದ್ದೆಯ ಗೆರೆಯ ಮೇಲೆ ‘ಚೆನ್ನಾಗಿ’ ಎಂದು ಬರೆದೆ. ಅದೂ ಸುಳ್ಳು.

ಈ ಡೈರಿ ಕಂಪನಿ ಕೊಟ್ಟದ್ದು. ಲಾಂಡ್ರಿಯ ಹೆಂಗಸರಿಗೆಲ್ಲ ಒಂದೊಂದು. ಪ್ರತಿ ಪುಟದ ಮೇಲೆ ನೀರು, ನಿದ್ದೆ, ವ್ಯಾಯಾಮ ಎಂದು ಅಚ್ಚು ಹಾಕಿಸಿದ್ದಾರೆ. ಕೆಳಗೆ ಪುಟ ಪೂರ್ತಿ ಖಾಲಿ. ಯಾರೂ ತೆಗೆದು ನೋಡುವುದಿಲ್ಲವಂತೆ. ಹಾಗಿದ್ದರೆ ಸುಳ್ಳು ಯಾರಿಗಾಗಿ ಬರೆದೆ? ಅಭ್ಯಾಸ.

ಡೈರಿ ಹಂಚಿದ್ದು ವೆಲ್‌ನೆಸ್ ಮೇಡಂ, ನಮ್ಮ ಆರೋಗ್ಯ ನೋಡಲು ಕಂಪನಿ ಇಟ್ಟವರು. ನಾವು ಅವರನ್ನು ನೀರಿನ ಮೇಡಂ ಎನ್ನುತ್ತೇವೆ. ಬಂದಾಗಲೆಲ್ಲ ನೀರು ಕುಡೀರಿ, ನೀರು ಕುಡೀರಿ. ಕಲೆ ತೆಗೆಯುವ ಮೇಜಿನ ದೊಡ್ಡಮ್ಮ ಇವತ್ತು ಕೇಳಿಯೇಬಿಟ್ಟಳು —

“ಕುಡೀತೀವಿ ಮೇಡಂ. ಇಳಿಸೋ ಜಾಗಾನೂ ಹತ್ತಿರ ಮಾಡಿಕೊಡಿ. ಬಾಯ್ಲರ್ ದಾಟಿ, ಅಂಗಳ ದಾಟಿ ಹೋಗಿ ಬರೋಷ್ಟರಲ್ಲಿ ಸೂಪರ್‌ವೈಸರ್ ನಮ್ಮ ತಿಥಿ ಮುಗಿಸಿರ್ತಾನೆ.”

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗದೆ ಏನೋ ಬರೆದುಕೊಂಡರು.

ದಿನವೆಲ್ಲ ದಿಂಬಿನ ಕವರ್ ಮಡಿಸಿದೆ. ಕವರಿಗೆ ಒಬ್ಬರು ಸಾಕು.

ಜನವರಿ 13, ಸೋಮವಾರ

ಅಕ್ಕ ಹೋಗಿ ಇವತ್ತಿಗೆ ಎಂಟು ತಿಂಗಳು. ಯಾರಿಗೂ ಹೇಳಲಿಲ್ಲ. ಅಕ್ಕನ ಮಗಳು ಮರಿಗೂ ನೆನಪಿಸಲಿಲ್ಲ. ಅವಳಿಗೆ ನೆನಪಿತ್ತು ಅನಿಸುತ್ತದೆ. ಬೆಳಿಗ್ಗೆ ಅಮ್ಮನ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋದಳು.

ದೊಡ್ಡ ಶೀಟು ಮಡಿಸಲು ಇಬ್ಬರು ಬೇಕು. ಹನ್ನೆರಡು ವರ್ಷ ಆ ತುದಿ ಅಕ್ಕ, ಈ ತುದಿ ನಾನು. ಒಮ್ಮೆ ಕೊಡವಿ, ಎಳೆದು, ಎದುರೆದುರು ನಡೆದು ಬಂದು ಅವಳ ಮೂಲೆ ನನ್ನ ಕೈಗೆ. ಮೂಲೆ ಕೊಡುವಾಗ ಅಕ್ಕ ಒಂದು ಮಾತು ಹೇಳುತ್ತಿದ್ದಳು. ಒಂದೇ. ಮುಂದಿನ ಮಾತಿಗೆ ಮುಂದಿನ ಶೀಟು ಬರಬೇಕು. ಮಷೀನಿನ ಸದ್ದಿಗೆ ದೂರದಿಂದ ಏನೂ ಕೇಳದು. ಹಾಗಾಗಿ ನಮ್ಮ ಮನೆಯ ಸುದ್ದಿಯೆಲ್ಲ ಶೀಟು ಶೀಟಾಗಿ ಸಾಗುತ್ತಿತ್ತು. ಪಕ್ಕದ ಮನೆಯವಳು ಗಂಡನಿಗೆ ಬಾಗಿಲು ತೆಗೆಯದ ಕಥೆ ಒಂದು ಬೆಳಗಿನ ಶೀಟುಗಳೆಲ್ಲ ಮುಗಿದರೂ ಮುಗಿದಿರಲಿಲ್ಲ.

ಅವಳು ಹೋದ ಮೇಲೆ ನಾನೇ ಕೇಳಿ ದಿಂಬಿನ ಕವರಿಗೆ ಬಂದೆ. ಪಕ್ಕದ ಮೇಜಿನ ಪಟಾಕಿ ದಿನಾ ಕರೆಯುತ್ತಾಳೆ. ಹೆಸರಿಗೆ ತಕ್ಕ ಬಾಯಿ ಅವಳದು.

“ಬಾರೇ ಮೌನಿ. ನನ್ನ ಜೊತೆಗೆ ಕೊಟ್ಟಿರೋ ಹುಡುಗಿ ಕೊಡವೋವಾಗ ಕೈ ಬಿಡ್ತಾಳೆ. ನಿನ್ನೆ ಶೀಟು ನನ್ನ ತಲೆ ಮೇಲೆ. ಸೂಪರ್‌ವೈಸರ್ ದೆವ್ವ ಅಂದ್ಕೊಂಡು ನಮಸ್ಕಾರ ಮಾಡ್ದ.”

ಇನ್ನೊಂದು ದಿನ ಬರುತ್ತೇನೆ ಎಂದೆ. ಬರುವುದಿಲ್ಲ ಎಂದು ಅವಳಿಗೂ ಗೊತ್ತು.

ಜನವರಿ 20, ಸೋಮವಾರ

ನೀರಿನ ಮೇಡಂ ಬಂದು ನಿಂತು ಏನೋ ಹೇಳಿದರು. ಡ್ರೈಯರುಗಳು ಓಡುತ್ತಿದ್ದವು. ಮಷೀನು ಓಡುವಾಗ ಯಾರು ಏನು ಹೇಳಿದರೂ ನಾವು ತಲೆಯಾಡಿಸುತ್ತೇವೆ. ಇಲ್ಲದಿದ್ದರೆ ಅವರು ಮತ್ತೆ ಹೇಳುತ್ತಾರೆ, ಕೆಲಸ ನಿಲ್ಲುತ್ತದೆ. ಎಲ್ಲರೂ ತಲೆಯಾಡಿಸಿದೆವು. ಆಮೇಲೆ ಪಟಾಕಿಯನ್ನು ಕೇಳಿದೆ. ಅವಳು ಮುಂದೆ ನಿಂತಿದ್ದಳು.

“ಗುರುವಾರ ಆಸ್ಪತ್ರೆ ವ್ಯಾನ್ ಬರತ್ತಂತೆ ಕಣೇ. ಹೆಂಗಸರ ಕ್ಯಾನ್ಸರ್ ಟೆಸ್ಟು. ಬರೇ ಐದು ನಿಮಿಷ, ಪುಕ್ಕಟೆ. ಇನ್ನೂ ಏನೋ ಅಂದ್ರು. ಕೇಳಿಸ್ಲಿಲ್ಲ.” ಆಮೇಲೆ ದನಿ ತಗ್ಗಿಸಿ, “ನಿನ್ನ ಅಕ್ಕಂಗೆ ಬಂದಿತ್ತಲ್ಲ... ಅದೇ.”

ಅದೇ. ಗರ್ಭಕಂಠದ ಕ್ಯಾನ್ಸರ್.

ಅಕ್ಕನಿಗೆ ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ಕಲೆ ಕಾಣಿಸಿತ್ತು. ನನಗೆ ಗೊತ್ತಾಗಲಿಲ್ಲ. ಒಂದೇ ಮನೆ, ಒಂದೇ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು, ಆದರೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಲಾಂಡ್ರಿಯವಳು ಅವಳು. ಮೊದಲು ತಣ್ಣೀರು, ಆಮೇಲೆ ಉಪ್ಪು, ಆಮೇಲೆ ಸೋಪು. ಯಾರ ಕಣ್ಣಿಗೂ ಬೀಳದ ಹಾಗೆ ತೊಳೆದು ತೊಳೆದು ಒಂದು ವರ್ಷ ಕಳೆದಳು. ಕಾಲು ಊದಿಕೊಂಡ ಮೇಲೆ ಡಾಕ್ಟರ ಹತ್ತಿರ ಹೋದದ್ದು. “ಮೊದಲೇ ಏನೂ ಕಾಣಲಿಲ್ವೇನಮ್ಮ?” ಎಂದು ಅವರು ಕೇಳಿದಾಗ ಅಕ್ಕ, “ಕಾಣೋ ಹಾಗೆ ಬಿಟ್ಟರೆ ತಾನೇ ಸರ್,” ಎಂದು ನಕ್ಕಿದ್ದಳು.

ಗುರುವಾರ ಹೋಗುವುದೋ ಬೇಡವೋ. ಹೋಗದಿದ್ದರೆ ಮರಿ ಬಿಡುವುದಿಲ್ಲ. ಹದಿನಾಲ್ಕಕ್ಕೇ ಅಜ್ಜಿಯ ಬಾಯಿ.

ಜನವರಿ 22, ಬುಧವಾರ

ಊಟದ ಹೊತ್ತಿಗೆ ದೊಡ್ಡಮ್ಮ ನಮ್ಮನ್ನೆಲ್ಲ ಕಲೆ ಮೇಜಿನ ಹಿಂದೆ ಸೇರಿಸಿಕೊಂಡಳು. ಇಸ್ತ್ರಿಯವರ ಊಟ ಬೇರೆ ಹೊತ್ತಿಗೆ, ಅವರು ಇರಲಿಲ್ಲ. ಮೂವತ್ತು ವರ್ಷದ ಸರ್ವಿಸು. ಅವಳ ಮಾತು ನಮಗೆ ಸೂಪರ್‌ವೈಸರ್ ಮಾತಿಗಿಂತ ಒಂದು ತೂಕ ಹೆಚ್ಚು.

“ನೋಡ್ರೇ, ನಾಳೆ ಹೊರಗಿನೋರ ಮುಂದೆ ಮಲಗಬೇಕು. ಲಾಂಡ್ರಿಯೋರು ಕೊಳಕು ಅನ್ನಿಸ್ಕೋಬಾರ್ದು. ಇವತ್ತೂ ನಾಳೆ ಬೆಳಿಗ್ಗೇನೂ ಉಗುರು ಬೆಚ್ಚಗಿನ ನೀರಿಗೆ ಒಂದಿಷ್ಟು ವಿನೆಗರ್ ಹಾಕಿ ಒಳಗೆಲ್ಲಾ ತೊಳ್ಕೊಂಡು ಬನ್ನಿ. ಇಲ್ಲಿಂದ ಒಂದು ಟವೆಲ್ಲಾದ್ರೂ ತೊಳೀದೆ ಆಚೆ ಹೋಗಿದ್ಯಾ? ನಾವೂ ಹೋಗಬಾರ್ದು.”

ಎಲ್ಲರೂ ಹೂಂ ಎಂದರು. ಸರಿ ಎನಿಸಿತು. ನನಗೂ.

ಮನೆಗೆ ಬರುವಾಗ ಅಂಗಡಿಯಲ್ಲಿ ವಿನೆಗರ್ ಇರಲಿಲ್ಲ. ಪಟಾಕಿ ಬಂದು ಹೋದಳಂತೆ, ಅವಳ ಹಿಂದೆ ಇಸ್ತ್ರಿ ಬಿಟ್ಟು ಉಳಿದವರೆಲ್ಲ. ಅಂಗಡಿಯವನು ಕೇಳಿದ — “ಏನಕ್ಕಾ, ನಿಮ್ಮ ಕಂಪನೀಲಿ ಎಲ್ಲಾರೂ ಉಪ್ಪಿನಕಾಯಿ ಹಾಕ್ತಿದ್ದೀರಾ?” ಮನೆಯಲ್ಲಿ ಸೀಸೆಯ ತಳದಲ್ಲಿ ಸ್ವಲ್ಪ ಇತ್ತು.

ಜನವರಿ 23, ಗುರುವಾರ

ಆಯಿತು.

ವ್ಯಾನಿನೊಳಗೆ ಒಂದು ಹಾಸಿಗೆ, ಒಂದು ಪರದೆ. ಶೀಟು ನಮ್ಮ ಲಾಂಡ್ರಿಯಿಂದ ಕೊಟ್ಟದ್ದೇ — ಅಂಚಿನ ಹೊಲಿಗೆ ನೋಡಿ ಗುರುತು ಹಿಡಿದೆ. ಅದರ ಮೇಲೆ ಮಲಗಿದಾಗ ಸ್ವಲ್ಪ ಧೈರ್ಯ ಬಂತು. ಸಿಸ್ಟರ್ ವಯಸ್ಸಾದವರು, ಕೈ ಬೆಚ್ಚಗಿತ್ತು. “ಉಸಿರು ಬಿಡಮ್ಮ, ಬಿಗಿ ಹಿಡಿದಷ್ಟೂ ಕಷ್ಟ,” ಎಂದರು. ಸ್ವಲ್ಪ ಒತ್ತಿದ ಹಾಗೆ, ಚುರುಕ್ಕೆಂದ ಹಾಗೆ. ಆಮೇಲೆ ಮುಗಿಯಿತು ಎಂದರು.

ಇಷ್ಟೇನಾ ಎಂದೆ. “ಇಷ್ಟೇ,” ಎಂದರು.

ಇಷ್ಟೇ. ಅಕ್ಕ, ಇಷ್ಟೇ ಇದ್ದದ್ದು.

ವ್ಯಾನಿನ ಹಿಂದೆ ನಿಂತು ಅತ್ತೆ. ಬಾಯ್ಲರಿನ ಹಬೆ ಇತ್ತು, ಯಾರಿಗೂ ಕಾಣಲಿಲ್ಲ.

ಫೆಬ್ರವರಿ 7, ಶುಕ್ರವಾರ

ಫೋನಿಗೆ ಮೆಸೇಜು. ‘ನಿಮ್ಮ ಪರೀಕ್ಷೆಯ ವಿಷಯವಾಗಿ ಮತ್ತೊಮ್ಮೆ ಬಂದು ಕಾಣಬೇಕು. ಮಂಗಳವಾರ ಸಿಸ್ಟರ್ ಲಾಂಡ್ರಿಗೆ ಬರುತ್ತಾರೆ.’

ಎಷ್ಟು ಸಲ ಓದಿದರೂ ಅಷ್ಟೇ ಇದೆ.

ಅಕ್ಕನಿಗೂ ಮೊದಲು ಹೀಗೇ ಬಂದಿತ್ತು. ಮತ್ತೊಮ್ಮೆ ಬನ್ನಿ.

ಫೆಬ್ರವರಿ 8, ಶನಿವಾರ

ಯಾರಿಗೂ ಹೇಳಿಲ್ಲ.

ಮರಿಗೆ ಗ್ಯಾಸ್ ಬದಲಿಸುವುದು ಹೇಳಿಕೊಟ್ಟೆ. ಅವಳ ಜನನ ಪ್ರಮಾಣಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಂದು ತೋರಿಸಿದೆ. ಕಾಲರ್ ಇಸ್ತ್ರಿ ಮಾಡುವುದು — ಮೊದಲು ಒಳಬದಿ, ಆಮೇಲೆ ಹೊರಬದಿ. ಎರಡು ಸಲ ಮಾಡಿಸಿದೆ. ಮೂರನೆಯ ಸಲ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಎಲ್ಲಿಗಾದ್ರೂ ಹೊರಟಿದ್ದೀಯಾ ಚಿಕ್ಕಿ?”

“ಎಲ್ಲಿಗೆ ಹೋಗ್ಲಿ? ಕಲಿತಿರು ಅಂದೆ.”

“ಅಮ್ಮಾನೂ ಇದ್ದಕ್ಕಿದ್ದ ಹಾಗೆ ಅಡುಗೆ ಕಲಿಸೋಕೆ ಶುರು ಮಾಡಿದ್ಲು.”

ಸ್ಟವ್ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಹಾಲು ಇರಲಿಲ್ಲ.

ಮದುವೆ ಮುರಿದುಕೊಂಡು ಒಂದು ಚೀಲ ಹಿಡಿದು ಅಕ್ಕನ ಬಾಗಿಲಿಗೆ ಬಂದಾಗ ಈ ಮಗು ಅಂಬೆಗಾಲಿಡುತ್ತಿತ್ತು. ಭಾವ ಆಗಲೇ ತೀರಿಕೊಂಡಿದ್ದರು. ಅಕ್ಕ ಏನೂ ಕೇಳಲಿಲ್ಲ. “ಇವಳನ್ನ ಹಿಡ್ಕೋ, ಅನ್ನ ಇಳಿಸ್ತೀನಿ,” ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಹೋಗುವಾಗಲೂ ಹಾಗೇ ಕೊಟ್ಟುಹೋದಳು. ನನ್ನ ಕೈಯಿಂದ ಯಾರ ಕೈಗೆ ಕೊಡಲಿ? ಯಾರೂ ಇಲ್ಲ.

ಸಾಯಲು ಹೆದರಿಕೆ ಇಲ್ಲ. ಇದೂ ಸುಳ್ಳೋ ಏನೋ. ಆದರೆ ಈ ಹೆದರಿಕೆ ಬೇರೆ.

ಫೆಬ್ರವರಿ 10, ಸೋಮವಾರ

ಊಟದ ಹೊತ್ತಿಗೆ ಪಟಾಕಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಹೀಗೆ ಕೂತದ್ದನ್ನು ನಾನು ಕಂಡೇ ಇಲ್ಲ. ಡಬ್ಬಿ ತೆರೆದೇ ಇರಲಿಲ್ಲ. ಏನಾಯಿತು ಎಂದೆ. ಫೋನು ತೋರಿಸಿದಳು.

ಅದೇ ಮೆಸೇಜು. ನನ್ನ ಫೋನು ತೆಗೆದು ಅವಳದರ ಪಕ್ಕದಲ್ಲಿಟ್ಟೆ.

ಅಷ್ಟರಲ್ಲಿ ಮಡಿಸುವ ಮೇಜಿನ ಇನ್ನೊಬ್ಬಳು ಬಂದು ತನ್ನದನ್ನೂ ಇಟ್ಟಳು. ಆಮೇಲೆ ಕಲೆ ಮೇಜಿನವರು. ನೋಡಿದರೆ ನಮ್ಮ ಎರಡು ಮೇಜಿಗೂ ಬಂದಿದೆ, ಇಸ್ತ್ರಿಯವರಿಗೆ ಒಬ್ಬರಿಗೂ ಇಲ್ಲ. ಅವರಿಗೆಲ್ಲ ‘ಸರಿಯಾಗಿದೆ’ ಎಂದು ಬಂದಿದೆಯಂತೆ.

“ಇದು ಆ ಬ್ಲೀಚಿಂದು,” ಎಂದಳು ಒಬ್ಬಳು. “ದಿನಾ ಮೂಗಲ್ಲಿ ಕುಡೀತೀವಲ್ಲ.”

“ನಾಳೆಯಿಂದ ನಾನು ಕೆಲಸಕ್ಕೆ ಬರಲ್ಲ.”

“ಬರದೆ ಏನು ತಿಂತೀಯ? ಮೇಡಂ ಕೊಟ್ಟ ಡೈರಿನಾ?”

ಯಾರೂ ನಗಲಿಲ್ಲ. ದೊಡ್ಡಮ್ಮನಿಗೆ ಮೆಸೇಜು ಬಂದಿದೆಯೇ ಎಂದು ಕೇಳಿದೆವು. ಅವಳ ಮುಖ ಪೆಚ್ಚಾಯಿತು. ಅವಳು ವ್ಯಾನಿಗೆ ಹೋಗಿಯೇ ಇರಲಿಲ್ಲ. ನಮ್ಮನ್ನೆಲ್ಲ ತೊಳೆದು ಕಳಿಸಿ, ತಾನು ಬಾಯ್ಲರ್ ರೂಮಿನಲ್ಲಿ ಕೂತಿದ್ದಳಂತೆ.

ಎಲ್ಲರಿಗೂ ಒಟ್ಟಿಗೆ ಬರುವ ರೋಗವೇ ಇದು? ತಲೆ ಓಡುತ್ತಿಲ್ಲ. ಆದರೂ ನಿಜ ಬರೆಯಬೇಕೆಂದರೆ, ಮೇಜಿನ ಮೇಲೆ ಅಷ್ಟು ಫೋನು ಸಾಲಾಗಿ ನೋಡಿದಾಗ ಮೂರು ದಿನದ ಮೇಲೆ ಮೊದಲ ಸಲ ಹಸಿವಾಯಿತು. ಪಟಾಕಿಯ ಡಬ್ಬಿಯಿಂದ ತಿಂದೆ.

ಫೆಬ್ರವರಿ 11, ಮಂಗಳವಾರ

ಸಿಸ್ಟರ್ ಬಂದರು. ನೀರಿನ ಮೇಡಂ ಸೂಪರ್‌ವೈಸರ್‌ಗೆ ಹೇಳಿ ಡ್ರೈಯರ್ ನಿಲ್ಲಿಸಿದರು. ಎಲ್ಲ ಡ್ರೈಯರೂ ಒಟ್ಟಿಗೆ ನಿಂತದ್ದು ನಾನು ಬಂದಮೇಲೆ ಇದೇ ಮೊದಲು. ಇಷ್ಟು ನಿಶ್ಶಬ್ದದಲ್ಲಿ ಎಲ್ಲಿ ನಿಲ್ಲುವುದು, ಕೈ ಎಲ್ಲಿಡುವುದು ಯಾರಿಗೂ ತಿಳಿಯಲಿಲ್ಲ.

“ಮೊದಲು ಒಂದು ಮಾತು,” ಎಂದರು ಸಿಸ್ಟರ್. “ಯಾರಿಗೂ ಕ್ಯಾನ್ಸರ್ ಇದೆ ಅಂತ ಬಂದಿಲ್ಲ. ಇಲ್ಲ ಅಂತಾನೂ ಬಂದಿಲ್ಲ. ನಿಮ್ಮಿಂದ ತೆಗೆದು ಗಾಜಿಗೆ ಹಚ್ಚಿದ್ರಲ್ಲಿ ನೋಡೋಕೆ ಏನೂ ಸಿಕ್ಕಿಲ್ಲ, ಅಷ್ಟೆ. ಒಬ್ಬರದ್ದಾದರೆ ನನ್ನ ಕೈ ತಪ್ಪು ಅನ್ನಬಹುದು. ಇಷ್ಟೂ ಜನರದ್ದು? ಹಿಂದಿನ ದಿನ ಏನು ಮಾಡಿದ್ರಿ, ನಿಜ ಹೇಳಿ.”

ಎಲ್ಲರ ಕಣ್ಣೂ ದೊಡ್ಡಮ್ಮನ ಕಡೆ ಹೋಯಿತು. ದೊಡ್ಡಮ್ಮ ಛಾವಣಿಯ ಫ್ಯಾನ್ ನೋಡುತ್ತಿದ್ದಳು.

“ತೊಳ್ಕೊಂಡ್ವಿ,” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

“ತೊಳ್ಕೊಂಡ್ವಿ ಅಂದ್ರೆ?”

“ಒಳಗೆಲ್ಲಾ. ವಿನೆಗರ್ ಹಾಕಿ.”

ಸಿಸ್ಟರ್ ನನ್ನನ್ನು ನೋಡಿದರು, ದೊಡ್ಡಮ್ಮನನ್ನು ನೋಡಿದರು, ಕಲೆ ಮೇಜಿನ ಮೇಲಿದ್ದ ಬಿಳಿ ಡಬ್ಬಗಳನ್ನು ನೋಡಿದರು. ನಗು ತಡೆಯಲು ನೋಡಿ ಆಗದೆ ಕುರ್ಚಿ ಎಳೆದುಕೊಂಡು ಕೂತರು.

“ಅಯ್ಯೋ ನನ್ನ ತಾಯಂದಿರಾ. ನೀವು ಕಲೆ ತೆಗೆಯೋರು, ನಾವು ಕಲೆ ಹುಡುಕೋರು. ತಿಕ್ಕಿ ತೊಳ್ಕೊಂಡು ಬಂದ್ರೆ ನನಗೇನು ಉಳೀತು? ಆ ಜಾಗದ ಮೇಲ್ಪದರದಿಂದ ನಾಲ್ಕು ಕಣ ಎತ್ಕೊಂಡು ಹೋಗಿ ನೋಡೋದು ನಮ್ಮ ಕೆಲಸ. ಅದಕ್ಕೇ ಎರಡು ದಿನ ಮೊದಲಿಂದ ಒಳಗೆ ತೊಳೀಬೇಡಿ, ಔಷಧಿ ಇಡಬೇಡಿ, ಗಂಡನ ಜೊತೆ ಸೇರಬೇಡಿ ಅಂತ ಮೇಡಂ ಕೈಲಿ ಹೇಳಿಸಿದ್ದೆ.”

“ಹೇಳಿದ್ದೆ,” ಎಂದರು ನೀರಿನ ಮೇಡಂ, ಅಳುವ ದನಿಯಲ್ಲಿ. “ಎಲ್ಲರೂ ತಲೆ ಆಡಿಸಿದ್ರಿ.”

“ಮಷೀನು ಓಡ್ತಿತ್ತು ಮೇಡಂ,” ಎಂದಳು ಪಟಾಕಿ. “ಆವಾಗ ನಮ್ಮ ಆಸ್ತಿ ಬರೆದುಕೊಡಿ ಅಂದಿದ್ರೂ ಆಡಿಸ್ತಿದ್ವಿ.”

ನಕ್ಕು ನಕ್ಕು ಕೆಲವರು ಕಣ್ಣೊರೆಸಿಕೊಂಡರು. ಆ ಮೇಜಿನವಳು ಈ ಮೇಜಿನವಳನ್ನು ತಬ್ಬಿಕೊಂಡಳು. ನಾನೂ ನಕ್ಕೆ, ಎಂಟು-ಒಂಬತ್ತು ತಿಂಗಳ ಮೇಲೆ.

ಇನ್ನು ಮುಂದೆ ಪರೀಕ್ಷೆ ಇರಲಿ ಬಿಡಲಿ, ಒಳಗೆ ಹಾಗೆ ತೊಳೆಯಲೇಬಾರದಂತೆ. ಅದು ತನ್ನನ್ನು ತಾನೇ ಶುಚಿ ಇಟ್ಟುಕೊಳ್ಳುವ ಜಾಗವಂತೆ. ವಿನೆಗರ್ ಉರಿ ತರುತ್ತದೆಯಂತೆ. ಕಣಗಳು ಸರಿಯಾಗಿ ಬೆಳೆಯಲಿ, ಏಪ್ರಿಲಿನಲ್ಲಿ ಮತ್ತೆ ಬರುತ್ತೇನೆ ಎಂದರು. ಅಷ್ಟರಲ್ಲಿ ಕಲೆ ಕಂಡರೆ, ವಾಸನೆ ಬಂದರೆ, ನೋವಾದರೆ ಏಪ್ರಿಲಿಗೆ ಕಾಯಬಾರದು.

ಹೊರಡುವಾಗ ದೊಡ್ಡಮ್ಮನ ಮುಂದೆ ನಿಂತರು. “ನಿಮ್ಮನ್ನ ಆವತ್ತು ನಾನು ನೋಡಲೇ ಇಲ್ವಲ್ಲ?”

“ನನಗೆ ಎಲ್ಲಾ ನಿಂತು ಎಷ್ಟೋ ವರ್ಷ ಆಯ್ತು ತಾಯಿ. ನನಗ್ಯಾಕೆ?”

ಮತ್ತೆ ನಾನೇ ಬಾಯಿ ಬಿಟ್ಟೆ. “ಅಕ್ಕಂಗೂ ನಿಂತಿತ್ತು ದೊಡ್ಡಮ್ಮ.”

ಅವಳು ಮತ್ತೆ ಫ್ಯಾನ್ ನೋಡಲಿಲ್ಲ.

ಮನೆಗೆ ಬಂದು ಮರಿಗೆ ಎಲ್ಲ ಹೇಳಿದೆ. ಮೆಸೇಜು, ಗ್ಯಾಸು, ಇಸ್ತ್ರಿ. ಕೇಳಿ ಸಿಟ್ಟಾದಳು. ಆಮೇಲೆ ನನ್ನ ತಲೆಗೆ ತಲೆ ತಾಗಿಸಿ ಕೂತಳು. “ಇನ್ನು ಮೇಲೆ ನನಗೆ ಅವತ್ತೇ ಹೇಳು,” ಎಂದಳು. ಹೂಂ ಎಂದೆ.

ಮಾರ್ಚ್ 18, ಮಂಗಳವಾರ

ನೀರು ಐದು ಲೋಟ. ನಿಜ.

ಆಫೀಸಿನ ಪಕ್ಕದ ಟಾಯ್ಲೆಟ್ಟಿಗೆ ಬೀಗ ಇರುತ್ತಿತ್ತು, ಸಾಹೇಬರು ಬಂದರೆ ಮಾತ್ರ ತೆರೆಯುತ್ತಿದ್ದರು. ನೀರಿನ ಮೇಡಂ ಅದರ ಬೀಗ ತೆಗೆಸಿದ್ದಾರೆ. ಮೂವತ್ತು ಹೆಜ್ಜೆಯೂ ಇಲ್ಲ. ಅಲ್ಲಿ ಕನ್ನಡಿ ಬೇರೆ ಇದೆ. ಪಟಾಕಿ ಹೋದರೆ ಬರುವುದೇ ಇಲ್ಲ.

ದಿನಕ್ಕೆರಡು ಸಲ ಡ್ರೈಯರ್ ನಿಲ್ಲಿಸಿ ಸೊಂಟ, ಕುತ್ತಿಗೆ ತಿರುಗಿಸುತ್ತೇವೆ. ಮೊದಲ ದಿನ ದೊಡ್ಡಮ್ಮ, “ಇದೇನು ಈ ವಯಸ್ಸಲ್ಲಿ ಡಾನ್ಸು,” ಎಂದಳು. ಈಗ ಅವಳೇ ಎಣಿಸುವುದು. ಬಸ್ ಸ್ಟಾಪಿನಿಂದ ನಡೆದುಬರುತ್ತೇನೆ. ಸಂಜೆ ಮರಿಯೂ ಸ್ವಲ್ಪ ದೂರ ಎದುರು ಬರುತ್ತಾಳೆ.

ರಾತ್ರಿ ಮಾತ್ರ ಏಪ್ರಿಲ್ ನೆನಪಾಗುತ್ತದೆ.

ಏಪ್ರಿಲ್ 22, ಮಂಗಳವಾರ

ವ್ಯಾನು ಬಂತು. ತೊಳೆಯದೆ ಹೋದೆವು. ಪರದೆಯ ಹಿಂದೆ ಹೋಗುವ ಮುಂಚೆ ಪಟಾಕಿ, “ಸಿಸ್ಟರ್, ಈ ಸಲ ಹಾಗ್ ಹಾಗೇ ಬಂದಿದ್ದೀನಿ, ಬೈಕೋಬೇಡಿ,” ಎಂದಳು.

ದೊಡ್ಡಮ್ಮನ ಕೈ ಹಿಡಿದು ನಾನು ಕರೆದುಕೊಂಡು ಹೋದೆ. ಮೆಟ್ಟಿಲಲ್ಲಿ ಒಂದು ಸಲ ತಿರುಗಿಕೊಂಡಳು. ಬಿಡಲಿಲ್ಲ.

ಮರಿಯ ವಯಸ್ಸು ಕೇಳಿ ಸಿಸ್ಟರ್ ಹೇಳಿದರು — ಈ ಕ್ಯಾನ್ಸರ್ ತರುವ ವೈರಸ್ಸಿಗೆ ಚುಚ್ಚುಮದ್ದು ಇದೆ, ಅವಳ ವಯಸ್ಸಿಗೆ ಒಳ್ಳೆಯದು. ದೊಡ್ಡವಳಾದ ಮೇಲೆ ಪರೀಕ್ಷೆಯನ್ನೂ ಬಿಡಬಾರದು. ಇದು ಅಕ್ಕನಿಗೆ ಗೊತ್ತಿದ್ದರೆ ಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು.

ಮೇ 6, ಮಂಗಳವಾರ

ಬಂತು.

‘ಸರಿಯಾಗಿದೆ. ಮೂರು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿಸಿ.’

ದಿಂಬಿನ ಕವರುಗಳ ರಾಶಿಯ ಮೇಲೆ ಕೂತುಬಿಟ್ಟೆ. ಸೂಪರ್‌ವೈಸರ್ ನೋಡಿ ಆ ಕಡೆ ತಿರುಗಿ ಹೋದ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಹಾಗಲ್ಲ ಇದು. ನೀರು ಕುಡಿದ ಬಟ್ಟೆ ಹಿಂಡಿದ ಹಾಗೆ. ಮೈಯೆಲ್ಲ ಹಗುರ, ಸುಕ್ಕು ಸುಕ್ಕು.

ಪಟಾಕಿಯದ್ದೂ ಸರಿಯಾಗಿದೆ. ಎಲ್ಲರದ್ದೂ — ಒಬ್ಬಳದ್ದು ಬಿಟ್ಟು.

ದೊಡ್ಡಮ್ಮನಿಗೆ ಸಿಸ್ಟರ್ ಫೋನು ಮಾಡಿದರು. ಬದಲಾವಣೆ ಕಾಣುತ್ತಿದೆ, ಆಸ್ಪತ್ರೆಗೆ ಬಂದು ಭೂತಗನ್ನಡಿಯಲ್ಲಿ ನೋಡಿಸಬೇಕು ಎಂದು. ದೊಡ್ಡಮ್ಮ ಫೋನು ಇಟ್ಟು ಟವೆಲಿನ ಕಲೆ ತಿಕ್ಕತೊಡಗಿದಳು. ಆ ಟವೆಲಿನಲ್ಲಿ ಕಲೆ ಇರಲಿಲ್ಲ.

ಅವಳ ಪಕ್ಕ ಹೋಗಿ ನಿಂತೆ. “ಹೋಗಲ್ಲ ನಾನು,” ಎಂದಳು ತಲೆ ಎತ್ತದೆ. “ಗೊತ್ತಾಗಿ ಏನು ಮಾಡೋದು?”

“ಅಕ್ಕಂಗೆ ಇಷ್ಟು ಬೇಗ ಫೋನು ಬರಲಿಲ್ಲ ದೊಡ್ಡಮ್ಮ. ಇನ್ನೂ ಚಿಕ್ಕದಿದೆ, ಬಾ ಅಂತ ಅವಳಿಗೆ ಯಾರೂ ಹೇಳಲಿಲ್ಲ. ನಿಂಗೆ ಹೇಳಿದ್ದಾರೆ.”

ತುಂಬ ಹೊತ್ತು ತಿಕ್ಕಿದಳು. ಆಮೇಲೆ, “ನೀನು ಬರ್ತೀಯಾ?” ಎಂದಳು.

ಮೇ 20, ಮಂಗಳವಾರ. ಮಧ್ಯಾಹ್ನ, ಆಸ್ಪತ್ರೆ ಬೆಂಚಿನ ಮೇಲೆ

ಹೋದ ವಾರ ನೋಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು. ಆ ಭಾಗವನ್ನಷ್ಟೇ ತೆಗೆಯುತ್ತಾರಂತೆ, ಮರಗಟ್ಟಿಸಿ. ಸಂಜೆಗೆ ಮನೆ.

ಒಳಗೆ ಹೋಗುವಾಗ ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಂದು, “ಈ ಶೀಟು ನಮ್ಮದಲ್ಲ ಕಣೇ. ಎಷ್ಟು ಕೆಟ್ಟದಾಗಿ ತೊಳೆದಿದ್ದಾರೆ ನೋಡು,” ಎಂದಳು. ಒಂದೇ ಮಾತು. ಬಾಗಿಲು ಮುಚ್ಚಿತು.

ಈ ಬೆಂಚಿನ ಮೇಲೆ ಮೊದಲೂ ಕೂತಿದ್ದೇನೆ. ಅವತ್ತು ಡಾಕ್ಟರು ಹೊರಗೆ ಬಂದು ನೆಲ ನೋಡಿದ್ದರು.

ಇವತ್ತು ಬಂದವರು ಮುಖ ನೋಡಿದರು. ಮುಗೀತು, ಚೆನ್ನಾಗಿದ್ದಾರೆ, ಟೀ ಕೇಳ್ತಿದ್ದಾರೆ ಎಂದರು.

ಜೂನ್ 8, ಭಾನುವಾರ

ನೀರು — ಎಣಿಸಲಿಲ್ಲ. ನಿದ್ದೆ ಚೆನ್ನಾಗಿ. ನಿಜ.

ದೊಡ್ಡಮ್ಮನದು ಪೂರ್ತಿ ತೆಗೆದಾಗಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ ಎಂದು ರಿಪೋರ್ಟು ಬಂತು. ಆಗಾಗ ಹೋಗಿ ತೋರಿಸಬೇಕು, ಅಷ್ಟೆ. ನಾಳೆ ಕೆಲಸಕ್ಕೆ ಬರುತ್ತಾಳೆ. ಭಾರ ಎತ್ತಬಾರದು ಎಂದಿದ್ದಾರೆ. ಅವಳು ಎತ್ತುತ್ತಾಳೆ, ನಾವು ಬೈಯುತ್ತೇವೆ.

ಮರಿಗೆ ನಿನ್ನೆ ಮೊದಲ ಚುಚ್ಚುಮದ್ದು ಹಾಕಿಸಿದೆ. ತೋಳು ನೋಯುತ್ತಿದೆ ಎಂದು ಬೆಳಿಗ್ಗೆಯಿಂದ ಒಂದು ಪಾತ್ರೆಯನ್ನೂ ಮುಟ್ಟಿಲ್ಲ. ಆದರೂ ಒಣಗಿದ ಬಟ್ಟೆ ತೆಗೆಯಲು ತಾನೇ ಹೊರಗೆ ಹೋದಳು. ಹಾಸಿಗೆಯ ದೊಡ್ಡ ಶೀಟು ತೊಳೆದು ಹಾಕಿದ್ದೆ. ಅಕ್ಕ ಹೋದ ಮೇಲೆ ಮನೆಯ ಶೀಟನ್ನು ನಾನು ಮಡಿಸಿಯೇ ಇಲ್ಲ. ತಂತಿಯಿಂದ ತೆಗೆದು ಹಾಗೇ ಹಾಸಿಗೆಯ ಮೇಲೆ ಹಾಕುವುದು.

ನಾಳೆ ಪಟಾಕಿಗೆ ಹೇಳಬೇಕು, ಆ ಹುಡುಗಿಯನ್ನು ದಿಂಬಿನ ಕವರಿಗೆ ಕಳಿಸು, ಶೀಟಿಗೆ ನಾನು ಬರುತ್ತೇನೆ ಎಂದು. ಮೂಲೆ ಕೊಡುವಾಗ ಪಟಾಕಿ ಒಂದು ಮಾತಿಗೆ ನಿಲ್ಲಿಸುವವಳಲ್ಲ. ಇರಲಿ.

ಮರಿ ಹೊರಗಿನಿಂದ ಕೂಗುತ್ತಿದ್ದಾಳೆ.

“ಚಿಕ್ಕೀ, ಒಬ್ಬಳ ಕೈಲಿ ಆಗಲ್ಲ ಇದು. ಬಂದು ಆ ಕಡೆ ಹಿಡ್ಕೋತೀಯೋ, ನೆಲಕ್ಕೆ ಬಿಡ್ಲೋ?”

ನೆಲಕ್ಕೆ ತಾಗಿದರೆ ಮತ್ತೆ ತೊಳೆಯಬೇಕು. ಬಂದೆ ಎಂದೆ. ಅವಳಿಗೆ ಮೂಲೆ ಹಿಡಿಯುವುದೂ ಬಾರದು. ಹೇಳಿಕೊಡಬೇಕು. ಮೊದಲು ಹೆಬ್ಬೆರಳು ಒಳಗೆ ಇಟ್ಟು, ಆಮೇಲೆ —